ಢೋಲಕ್ಕ ಬಾರಿಸಿದ ಎರಡು ಪೆಟ್ಟು

ಢೋಲು ಇಳಿಸಿದ ಮೇಲೂ ಆಕೆಯ ಮುಖ ಬಲಕ್ಕೆ ಹೊರಳಿಯೇ ಇರುತ್ತಿತ್ತು. ಬ್ಯಾಂಡಿನ ದೊಡ್ಡ ಢೋಲನ್ನು ಎದೆಗೆ ಕಟ್ಟಿಕೊಂಡರೆ ಮುಂದೇನೂ ಕಾಣುವುದಿಲ್ಲ, ಪಕ್ಕದಿಂದ ಇಣುಕಬೇಕು. ಕುಳ್ಳಗಿದ್ದ ಆಕೆಗೆ ಅದೂ ಕಷ್ಟ. ಢೋಲಿನ ಅಂಚು ಉಜ್ಜಿ ಗದ್ದದ ಕೆಳಗೆ ಕಪ್ಪು ಕಲೆ ಬಿದ್ದಿತ್ತು. ಅಕ್ಕಲಕೋಟೆಯ ನಮ್ಮ ಶಾಲೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುವಾಗಲೂ, ದೂರದಿಂದ ಯಾರೋ ಕರೆದಂತೆ, ಎಡಗಿವಿಯನ್ನು ಮುಂದೆ ಮಾಡಿಯೇ ಇರುತ್ತಿದ್ದಳು. ನಾವು ಸಣ್ಣವರು ಆಕೆಯನ್ನು ಢೋಲಕ್ಕ ಎನ್ನುತ್ತಿದ್ದೆವು.

ಆಕೆ ಹತ್ತನೆಯ ತರಗತಿ, ನಾನು ಏಳು. ವಾಗದರಿಯಿಂದ ಬಸ್ಸಿಗೆ ಬರುತ್ತಿದ್ದ ನನ್ನ ಕೊರಳಿಗೆ ಒಂದು ಸೈಡ್ ಡ್ರಮ್ ತೂಗುಹಾಕಿ, ನಿಲ್ಲು ಎಂದಲ್ಲಿ ನಿಲ್ಲು ಎಂದಿದ್ದರು ಬ್ಯಾಂಡ್ ಸರ್. ಅವರಿಗೆ ಜಿಲ್ಲಾ ಸ್ಪರ್ಧೆಯ ಕಪ್ ಬೇಕಿತ್ತು, ನಮಗೆ ಕಲಿಸಲು ಹೊತ್ತಿರಲಿಲ್ಲ. ನಿಯಮದ ಪ್ರಕಾರ ಬ್ಯಾಂಡಿನಲ್ಲಿ ಇಷ್ಟು ತಲೆ ಇರಬೇಕು. ಆ ತಲೆಗಳು ನಾವು. ದೊಡ್ಡ ಹುಡುಗರು ನಮಗೆ 'ಭರ್ತಿ ಮಾಲು' ಎಂದು ಹೆಸರಿಟ್ಟಿದ್ದರು.

"ಭರ್ತಿ ಮಾಲ ಅಂದ್ರ ಗೋಣಿಚೀಲೇನು?" ಎಂದು ಢೋಲಕ್ಕ ಅವರನ್ನೇ ಕೇಳಿದ್ದಳು. "ಗೋಣಿಚೀಲ ಊದತದೇನೋ? ಇವ್ರು ಊದತಾರ. ನಿನಗಿಂತ ಚಲೋ ಊದತಾರ."

ನಮಗೆ ಬಂದದ್ದೆಲ್ಲ ಆಕೆಯಿಂದಲೇ ಬಂತು. ನನ್ನ ಡ್ರಮ್ಮಿನ ಪಟ್ಟಿ ಉದ್ದವಾಗಿ ತೊಡೆಗೆ ಬಡಿದು ನೀಲಿಗಟ್ಟಿದಾಗ, ಪಟ್ಟಿಗೆ ಗಂಟು ಹಾಕಿ ಮೇಲೆತ್ತಿದವಳು ಆಕೆ. ಸಾಯಂಕಾಲ ಅಭ್ಯಾಸಕ್ಕೆ ಮೊದಲು ಶೇಂಗಾ ಬೆಲ್ಲದ ಡಬ್ಬಿ ತೆರೆದು, "ಖಾಲಿ ಹೊಟ್ಟಿಲೆ ಊದಬ್ಯಾಡ್ರಿ, ಗಾಳಿ ತಲಿಗೆ ಏರತದ" ಎನ್ನುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ನಿಲ್ಲುವುದನ್ನು. ದೊಡ್ಡ ಢೋಲಿನ ಮೇಲೆ ಬಿಡಿಬಿಡಿಯಾಗಿ ಎರಡು ಪೆಟ್ಟು ಬಿದ್ದರೆ ಬ್ಯಾಂಡ್ ಇದ್ದಲ್ಲೇ ನಿಲ್ಲಬೇಕು, ಎತ್ತಿದ ಕಾಲು ಎತ್ತಿದಂತೆಯೇ. ಊಟದ ನಡುವೆ ಆಕೆ ಡಬ್ಬಿಯ ಮುಚ್ಚಳಕ್ಕೆ ಚಮಚದಿಂದ ಎರಡು ಸಲ ಬಡಿಯುತ್ತಿದ್ದಳು. ರೊಟ್ಟಿ ಬಾಯಿಯ ಹತ್ತಿರ ಹಿಡಿದು ನಾವು ಕಲ್ಲಾಗಬೇಕು. ಅಲುಗಿದವರ ಶೇಂಗಾ ಆಕೆಗೆ.

ಕೊಳಲಿನ ಸಾಲಿನಲ್ಲಿ ಎಲ್ಲರಿಗಿಂತ ಸಣ್ಣ ಹುಡುಗಿಯೊಬ್ಬಳಿದ್ದಳು, ಪಾರಿ. ಅವಳಿಗೆ ಸಿಕ್ಕಿದ್ದು ಸೀಳಿದ ಕೊಳಲು. ಟೇಪು ಸುತ್ತಿದರೂ ಸ್ವರದೊಳಗೊಂದು ಸಿಳ್ಳು ಸೇರಿಕೊಳ್ಳುತ್ತಿತ್ತು. ಬೇರೆ ಕೊಳಲು ತರಿಸಬಹುದಿತ್ತು. ಸರ್ ತರಿಸಲಿಲ್ಲ. ಸ್ಪರ್ಧೆಯ ಹಿಂದಿನ ದಿನ ಅವಳನ್ನು ಕರೆದು, ಬಾಯಿಗಿಟ್ಟು ಬೆರಳಷ್ಟೇ ಆಡಿಸು, ಊದಬೇಡ ಎಂದರು.

ಸೊಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಅವಳು ಅಳುತ್ತಿದ್ದಳು. ಢೋಲಕ್ಕ ಅವಳ ಪಕ್ಕಕ್ಕೆ ಬಂದು ಕೂತಳು.

"ಸರ್ ಊದಬ್ಯಾಡ ಅಂದಾರಕ್ಕ."

"ನಾ ಊದು ಅನ್ನಾಕತ್ತೀನಿ. ಢೋಲಿನ ಹಿಂದ ನಿಂತ್ರ ನನಗ ಯಾರೂ ಕಾಣಂಗಿಲ್ಲವಾ. ಎಲ್ಲಾರನ್ನೂ ಕಿವಿಲೇನ ನೋಡಬೇಕು. ನಿನ್ನ ಸೀಳ ಕೊಳಲ ಕೇಳಿದ್ರ, ಹಾಂ, ಪಾರಿ ಅಲ್ಲಿ ಅದಾಳ ಅಂತ ತಿಳಿತದ. ಮೆಲ್ಲಕ ಊದು, ನನಗಷ್ಟ ಕೇಳಲಿ."

ಮೈದಾನದಲ್ಲಿ ಹೋಳಿ ಹಬ್ಬಕ್ಕೆ ಮೊದಲೇ ಹೋಳಿಯ ಬಿಸಿಲು. ಕೊರಳವರೆಗೆ ಗುಂಡಿ ಹಾಕಿದ ದಪ್ಪ ಕೋಟು ನಮಗೆ. ಶಾಮಿಯಾನ ಅತಿಥಿಗಳಿಗೆ, ಬಯಲು ಮಕ್ಕಳಿಗೆ. ನೀರು ಕುಡಿದರೆ ನಡುವೆ ಒಂದಕ್ಕೆ ಕೇಳುತ್ತೀರಿ ಎಂದು ಸರ್ ಬಾಟಲಿಗಳನ್ನು ಬಸ್ಸಿನಲ್ಲೇ ಇಡಿಸಿದ್ದರು. ಶೇಂಗಾದ ಡಬ್ಬಿಯೂ ಅಲ್ಲೇ ಉಳಿಯಿತು. ನಮ್ಮ ಸರದಿ ಬರುವ ಹೊತ್ತಿಗೆ ನೆರಳು ಕಾಲಡಿಗೆ ಸೇರಿತ್ತು. "ಪುಢೆ ಬಘಾ," ಮುಂದೆ ನೋಡಿ, ಎಂದರು ಸರ್ ಮರಾಠಿಯಲ್ಲಿ. "ಯಾರರೆ ಬಿದ್ರ ನೋಡಬ್ಯಾಡ್ರಿ. ನಡೀರಿ, ಬಾರಸ್ರಿ. ನಿಂತ್ರ ಸ್ಪರ್ಧೆದಿಂದ ಔಟ್."

ಮುಂದೆ ಕೊಳಲಿನ ಸಾಲು, ಅದರ ಬೆನ್ನಿಗೆ ನಮ್ಮ ಸೈಡ್ ಡ್ರಮ್ಮುಗಳು, ನಮ್ಮ ಹಿಂದೆ ಢೋಲಕ್ಕ. ಸೊಂಟದ ಮೇಲೆ ಡ್ರಮ್ ಇದ್ದವರಿಗೆ ತಮ್ಮ ಕಾಲು ಕಾಣುವುದಿಲ್ಲ. ನನ್ನ ಕಣ್ಣು ದೂರದ ಬಾವುಟದ ಮೇಲಿತ್ತು. ಬೆವರು ಇಳಿದು ಬಾವುಟವೂ ಕಲಸಿಹೋಗಿತ್ತು. ಹಾಡಿನ ನಟ್ಟನಡುವೆ ಬೆನ್ನ ಹಿಂದಿನಿಂದ ಬಂತು, ಎರಡು ಪೆಟ್ಟು.

ನನ್ನ ಬಲಗಾಲು ಗಾಳಿಯಲ್ಲಿ ನಿಂತಿತು. ಡ್ರಮ್ಮನ್ನು ಪಕ್ಕಕ್ಕೆ ಸರಿಸಿ ಕೆಳಗೆ ನೋಡಿದೆ. ಸೀಳು ಕೊಳಲಿನ ಹುಡುಗಿ ಅಂಗಾತ ಬಿದ್ದಿದ್ದಳು. ಎತ್ತಿದ ಬೂಟಿನ ಕೆಳಗೆ ಅವಳ ಕೊರಳಿತ್ತು, ಕಣ್ಣುಗಳು ಅರೆ ತೆರೆದಿದ್ದವು. ಅವಳ ಜಡೆಯ ರಿಬ್ಬನ್ನು ಆಗಲೇ ನನ್ನ ಎಡಗಾಲಿನ ಅಡಿಯಲ್ಲಿತ್ತು.

ಸರ್ ಗೆರೆಯ ಹೊರಗಿನಿಂದ ಬಾರಿಸಿ, ಬಾರಿಸಿ ಎಂದು ಕೈಬೀಸುತ್ತಲೇ ಇದ್ದರು. ಢೋಲಕ್ಕ ಢೋಲನ್ನು ಕಳಚಿ ನೆಲಕ್ಕೆ ಬಿಟ್ಟು ಓಡಿಬಂದಳು. ಕೋಟಿನ ಗುಂಡಿಗಳನ್ನು ಕಿತ್ತಳು, ಹುಡುಗಿಯನ್ನು ಎತ್ತಿಕೊಂಡು ಅತಿಥಿಗಳ ಶಾಮಿಯಾನಕ್ಕೇ ನುಗ್ಗಿದಳು. ಅವರ ಮುಂದಿದ್ದ ಬಾಟಲಿಯ ನೀರನ್ನು ತಲೆಗೆ ಸುರಿದಳು. ಆಸ್ಪತ್ರೆಯಲ್ಲಿ ಹುಡುಗಿಗೆ ಪ್ರಜ್ಞೆ ಬಂದದ್ದು ಸಂಜೆಗೆ. ಇನ್ನು ತುಸು ಬಿಸಿಲು ಹತ್ತಿದ್ದರೂ ಕೈಮೀರುತ್ತಿತ್ತು ಎಂದರು ಡಾಕ್ಟರು.

ನಮ್ಮ ಶಾಲೆ ಸ್ಪರ್ಧೆಯಿಂದ ಹೊರಬಿತ್ತು. ಮಕ್ಕಳನ್ನು ನೀರಿಲ್ಲದೆ ಬಿಸಿಲಿಗೆ ನಿಲ್ಲಿಸಿದ್ದು ಯಾರು ಎಂದು ಯಾರೂ ಕೇಳಲಿಲ್ಲ. ಬ್ಯಾಂಡ್ ನಿಲ್ಲಿಸಿದ್ದು ಯಾರು ಎಂದು ಎಲ್ಲರೂ ಕೇಳಿದರು. ಸೋಮವಾರ ಪ್ರಾರ್ಥನೆಯ ಹೊತ್ತಿಗೆ ಹೆಡ್ಮಾಸ್ತರರು ಆಕೆಯನ್ನು ಎಲ್ಲರ ಮುಂದೆ ನಿಲ್ಲಿಸಿ, ತಪ್ಪಾಯಿತು ಅನ್ನು ಎಂದರು.

ಆಕೆ ಮುಖ ಹೊರಳಿಸಿಯೇ ನಿಂತಿದ್ದಳು. "ತಪ್ಪಾಗೇದರಿ. ಆಕಿ ಕೊಳಲ ನಿಂತದ್ದು ನನಗ ಕೇಳಿಸ್ತು. ಖರೇನೋ ಸುಳ್ಳೋ ಅಂತ ಒಂದ್ ಗಳಿಗಿ ಅನುಮಾನ ಮಾಡಿದೆ. ಹಂಗ ಮಾಡಬಾರದಿತ್ತು."

ಅಂದೇ ಆಕೆಯ ಢೋಲನ್ನು ಕಸಿದುಕೊಂಡರು. ಏನೇ ಆದರೂ ನಿಲ್ಲಿಸದಂಥ ಹುಡುಗನೊಬ್ಬನಿಗೆ ಅದನ್ನು ಕಟ್ಟಿದರು. ಶಾಲೆಯ ಯಾವ ಫೋಟೊದಲ್ಲೂ ಆಕೆ ಇಲ್ಲ.

ಈಗ ನಾನು ಸೊಲ್ಲಾಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ತರಗತಿಗೆ ಹೋಗುವ ಮೆಟ್ಟಿಲ ಮೇಲೂ ಕಾಲಿಡುವ ಮೊದಲು ಕೆಳಗೆ ನೋಡುತ್ತೇನೆ. ಕೆಲವು ಸಲ ಕನಸಿನಲ್ಲಿ ಆ ಎರಡು ಪೆಟ್ಟು ಬೀಳುವುದೇ ಇಲ್ಲ, ನನ್ನ ಬೂಟು ಇಳಿಯುತ್ತದೆ. ಒಂದು ಕೊಲೆಯಿಂದ ನನ್ನ ಕಾಲನ್ನು ಉಳಿಸಿದವಳು ಆಕೆ. ಈ ಋಣ ನಾನು ತೀರಿಸುವಂಥದ್ದಲ್ಲ.

ಢೋಲಕ್ಕ ಈಗ ಸೊಲ್ಲಾಪುರದ ಹತ್ತಿರದ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯೊಂದರಲ್ಲಿ ಟವೆಲ್ ಪ್ಯಾಕ್ ಮಾಡುತ್ತಾಳೆ. ಈ ವರ್ಷ ನಮ್ಮ ಶಾಲೆ ಕಪ್ ಗೆದ್ದಿತು. ಪತ್ರಿಕೆಯಲ್ಲಿ ಬಂದ ಫೋಟೊವನ್ನು ಆಕೆಗೆ ಕಳಿಸಿದೆ. ಬ್ಯಾಂಡ್ ಸರ್ ನಡುವೆ ನಗುತ್ತಿದ್ದರು, ಸಣ್ಣ ಮಕ್ಕಳು ಸಾಲಾಗಿ ಕೊಳಲನ್ನು ತುಟಿಗಿಟ್ಟಿದ್ದರು. "ಫೋಟೊದಾಗ ಏನ್ ನೋಡಲಿ? ಆವಾಜ್ ಕಳಸು" ಎಂದಳು.

ಹೋದ ವಾರ ಅಕ್ಕಲಕೋಟೆಗೆ ಹೋಗಿ, ಶಾಲೆಯ ಕಂಪೌಂಡಿನ ಹೊರಗೆ ನಿಂತು ಅಭ್ಯಾಸವನ್ನು ರೆಕಾರ್ಡ್ ಮಾಡಿ ಕಳಿಸಿದೆ. ಪಾಳಿ ಮುಗಿಸಿ ಆಕೆ ಫೋನ್ ಮಾಡಿದಳು.

"ಫೋಟೊದಾಗ ಕೊಳಲ ಒಂದ್ ಸಾಲ ಪೂರಾ ಅವ. ಇದರಾಗ ಮೂರೋ ನಾಕೋ ಕೇಳತಾವ, ಅಷ್ಟ. ಉಳದವರು ಊದಾಕತ್ತಿಲ್ಲ. ಈಗಿನ ಢೋಲಿನ ಹುಡುಗಗ ಹೋಗಿ ಕೇಳು, ಅವರೆಲ್ಲಿ ಅದಾರ ಅಂತ ಅವಗರೆ ಗೊತ್ತದೇನು?"