ಕೊನೆಯ ತಟ್ಟೆ

ನಾನು ಜಂಬದವಳು ಎಂದು ನನ್ನ ಗಂಡ ಮೊದಲಿನಿಂದಲೂ ಹೇಳುತ್ತಾರೆ. ಇರಬಹುದು. ದೆಹಲಿಯಲ್ಲಿ ಕನ್ನಡದವರು ನಾಲ್ಕು ಜನ ಸೇರಿದರೆ ಹೆಂಗಸರನ್ನು ಕೇಳುವ ಮೊದಲ ಪ್ರಶ್ನೆ, ನಿಮ್ಮ ಮನೆಯವರು ಯಾವ ಮಿನಿಸ್ಟ್ರಿ ಎಂಬುದು. ನೀವೇನು ಮಾಡುತ್ತೀರಿ ಎಂದು ಕೇಳುವ ಹೊತ್ತಿಗೆ ಊಟ ಮುಗಿದಿರುತ್ತದೆ. "ಬೇರೆಯವರ ಮನೆ ಊಟ ತೂಗ್ತೀನಿ" ಎಂದು ನಾನು ಹೇಳಿದರೆ ಎಲ್ಲರೂ ನಗುತ್ತಿದ್ದರು. ಪಕ್ಕದಿಂದ ನನ್ನ ಗಂಡ, "ನಮ್ಮನೇಲಿ ತೂಗೋ ಅಂಥದ್ದು ಏನೂ ಮಾಡಲ್ಲ, ಅದಕ್ಕೆ ಫರೀದಾಬಾದಿಗೆ ಹೋಗ್ತಾಳೆ" ಎಂದು ಸೇರಿಸುತ್ತಿದ್ದರು.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಸೆಂಟರೊಂದರ ಮೇಲಿನ ಮಹಡಿಯಲ್ಲಿ ನಮ್ಮ ಬಾಡಿಗೆ ಮನೆ. ಗೃಹವಿಜ್ಞಾನದಲ್ಲಿ ಎಂಎಸ್‌ಸಿ ಮಾಡಿದ್ದ ನನಗೆ ಒಂದು ದೊಡ್ಡ ಅಧ್ಯಯನದಲ್ಲಿ ಕೆಲಸ ಸಿಕ್ಕಿತ್ತು. ಬೇರೆ ಬೇರೆ ಬಡಾವಣೆಗಳ ಮನೆಗಳನ್ನು ಆರಿಸಿಕೊಂಡು, ಅಲ್ಲಿನವರು ಏನು ತಿನ್ನುತ್ತಾರೆ ಎಂದು ಬರೆದಿಟ್ಟು, ಆಮೇಲೆ ವರ್ಷಗಟ್ಟಲೆ ಅವರ ಬೆನ್ನು ಬಿಡದೆ, ಯಾರಿಗೆ ಸಕ್ಕರೆ ಕಾಯಿಲೆ ಬಂತು, ಯಾರಿಗೆ ಬಿಪಿ, ಯಾರಿಗೆ ಕ್ಯಾನ್ಸರ್ ಎಂದು ನೋಡುವ ಕೆಲಸ. ಕೆಲವು ಮನೆಗಳಲ್ಲಿ ಬಾಯಿಮಾತು ಸಾಲದು. ಬೆಳಗಿನಿಂದ ಅಡುಗೆಮನೆಯಲ್ಲಿ ಕೂತು, ಒಲೆಗೆ ಹೋಗುವುದನ್ನೂ ತಟ್ಟೆಗೆ ಬೀಳುವುದನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು. ಫರೀದಾಬಾದಿನ ಒಂದು ಗಲ್ಲಿ ನನ್ನ ಪಾಲಿಗೆ ಬಂದಿತ್ತು.

ಈ ಕೆಲಸಕ್ಕೆ ನಾನು ಸುಮ್ಮನೆ ಸೇರಿದವಳಲ್ಲ. ನನ್ನ ಅಮ್ಮ ಹೊಟ್ಟೆಯ ಕ್ಯಾನ್ಸರಿನಿಂದ ಹೋದಳು. ದಾವಣಗೆರೆಯಲ್ಲಿ ಡಾಕ್ಟರು, "ಇವರು ದಿನಾ ಏನು ಊಟ ಮಾಡ್ತಿದ್ರು?" ಎಂದು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು, ನಾನು ಅಣ್ಣನ ಮುಖ ನೋಡಿದೆ. ಅಮ್ಮ ಏನೇನು ಅಡುಗೆ ಮಾಡುತ್ತಿದ್ದಳು ಎಂದರೆ ಮೂವರೂ ಬಾಯಿಪಾಠ ಒಪ್ಪಿಸುತ್ತಿದ್ದೆವು. ತಾನು ಏನು ತಿನ್ನುತ್ತಿದ್ದಳೋ ಯಾರಿಗೂ ಗೊತ್ತಿರಲಿಲ್ಲ. ಅವಳು ಉಣ್ಣಲು ಕೂರುವ ಹೊತ್ತಿಗೆ ನಾವೆಲ್ಲ ಕೈ ತೊಳೆದು ಎದ್ದು ಹೋಗಿರುತ್ತಿದ್ದೆವು. ಆ ಪ್ರಶ್ನೆಗೆ ಉತ್ತರವಿಲ್ಲದೆ ನಿಂತ ಅವಮಾನ ನನ್ನನ್ನು ಬಿಡಲಿಲ್ಲ.

ಹಾಗಾಗಿ ಗಲ್ಲಿಗೆ ಬಹಳ ಶ್ರದ್ಧೆಯಿಂದ ಹೋಗುತ್ತಿದ್ದೆ. ನಮ್ಮ ನಿಯಮದಂತೆ ಹಿಂದಿನ ದಿನವೇ ಮನೆಯವರಿಗೆ ತಿಳಿಸುವುದು. ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಬದರ್‌ಪುರದ ಕಡೆಯ ಬಸ್ಸು ಹತ್ತುವ ಮೊದಲು ಹಣ್ಣಿನ ಭಯ್ಯಾನ ಹತ್ತಿರ ಬಾಳೆಹಣ್ಣೋ ಸೇಬೋ ಕೊಳ್ಳುವುದು. ಒಬ್ಬರ ಮನೆಗೆ ಕೈ ಬೀಸಿಕೊಂಡು ಹೋಗಬಾರದೆಂದು ನನ್ನನ್ನು ಬೆಳೆಸಿದ್ದರು. ಗಲ್ಲಿಯ ಮೊದಲ ಮನೆಯಲ್ಲಿ ಒಬ್ಬ ಅತ್ತೆ, ಒಬ್ಬಳು ಸೊಸೆ. ಮಗನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ. ಅತ್ತೆ ಹಣ್ಣು ಇಸಿದುಕೊಂಡು ನನ್ನ ತಲೆ ಸವರುತ್ತಿದ್ದರು. ಒಳಗೆ ಪನೀರ್, ತುಪ್ಪ ಸುರಿದ ಬೇಳೆ, ರವೆಯ ಹಲ್ವಾ. ಸೊಸೆಯನ್ನೂ ನನ್ನ ಜೊತೆಗೇ ಊಟಕ್ಕೆ ಕೂರಿಸುತ್ತಿದ್ದರು. ನಾನು ಎಲ್ಲವನ್ನೂ ಶಿಸ್ತಾಗಿ ತೂಗಿ ಬರೆದುಕೊಂಡು ಬಂದೆ. ಪಕ್ಕದ ಮನೆಯಲ್ಲೂ ಹಾಗೆಯೇ, ಅದರಾಚೆಯದರಲ್ಲೂ ಹಾಗೆಯೇ.

ನಮ್ಮ ಮುಖ್ಯಸ್ಥರು ಮಂಗಳೂರಿನ ಕ್ರೈಸ್ತ ಡಾಕ್ಟರು. ಇತರರೆದುರು ಇಂಗ್ಲಿಷ್, ನನಗೆ ಬೈಯುವುದಿದ್ದರೆ ಕನ್ನಡ. ನನ್ನ ಹಾಳೆಗಳನ್ನು ಮೇಜಿನ ಮೇಲೆ ಹರವಿಕೊಂಡು, "ಇದು ಎಂತ ಮಾರಾಯ್ರೆ? ಈ ಗಲ್ಲಿಯವರು ದಿನಾ ಮದುವೆ ಊಟ ಉಣ್ತಾರಾ?" ಎಂದರು.

"ನಾನೇ ತೂಗಿದ್ದು ಸಾರ್. ಸುಳ್ಳಲ್ಲ."

"ತೂಕ ಸುಳ್ಳಲ್ಲ. ಆದ್ರೆ ಇಷ್ಟು ತುಪ್ಪ ತಿಂದವರ ರಕ್ತದ ರಿಪೋರ್ಟು ಹೀಗೆ ಇರುದಿಲ್ಲ. ಹೆಂಗಸರಿಗೆಲ್ಲ ರಕ್ತ ಕಮ್ಮಿ. ನಂಗೆ ಇದನ್ನು ಇಟ್ಕೊಂಡು ಏನೂ ಮಾಡ್ಲಿಕ್ಕೆ ಆಗುದಿಲ್ಲ. ಈ ಗಲ್ಲಿ ಬಿಟ್ಟುಬಿಡುವ."

ನನಗೆ ಮೈಯೆಲ್ಲ ಉರಿಯಿತು. ಗಲ್ಲಿ ಬಿಟ್ಟರೆ ಆ ಹೆಂಗಸರೂ ನನ್ನ ಅಮ್ಮನ ಹಾಗೆಯೇ ಉಳಿದುಬಿಡುತ್ತಾರೆ, ನಾಳೆ ಅವರಿಗೆ ಏನಾದರೂ ಆದರೆ ಏನು ತಿನ್ನುತ್ತಿದ್ದರೆಂದು ಹೇಳುವವರೇ ಇರುವುದಿಲ್ಲ. ಹೋಳಿಯವರೆಗೆ ಸಮಯ ಕೊಡಿ ಎಂದೆ. ಕೇಳಿದೆ ಅನ್ನುವುದಕ್ಕಿಂತ ಜಗಳ ಮಾಡಿದೆ ಅನ್ನುವುದೇ ಸರಿ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು, ಹೋಳಿವರೆಗೆ" ಎಂದರು.

ಹೆಣ ಭಾರದ ತಕ್ಕಡಿಯ ಚೀಲವನ್ನು ಹೊತ್ತುಕೊಂಡು ಮನೆಗೆ ಬಂದೆ. ಎಲ್ಲಿ ತಪ್ಪಿತು ಎಂದು ಎಷ್ಟು ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ. ಹೊಳೆದದ್ದು ಆ ವಾರ ನನ್ನ ಗಂಡನ ಆಫೀಸಿನ ಹಿರಿಯರೊಬ್ಬರು ಹೆಂಡತಿಯೊಂದಿಗೆ ನಮ್ಮ ಮನೆಗೆ ಊಟಕ್ಕೆ ಬಂದಾಗ. ಒಬ್ಬಟ್ಟು, ಚಿತ್ರಾನ್ನ, ಎರಡು ಪಲ್ಯ ಮಾಡಿದ್ದೆ. ಆಕೆ ಬಿಡದೆ ಒತ್ತಾಯ ಮಾಡಿದ್ದರಿಂದ ನಾನೂ ಅವರ ಜೊತೆಗೇ ಕೂತು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದೆ. ಮರುದಿನ ಮಧ್ಯಾಹ್ನ ಒಬ್ಬಳೇ ಅಡುಗೆಮನೆಯ ಕಟ್ಟೆಗೆ ಒರಗಿ, ಪಾತ್ರೆಯ ತಳದಲ್ಲಿ ಉಳಿದಿದ್ದ ತಂಗಳನ್ನಕ್ಕೆ ಮಜ್ಜಿಗೆ ಕಲಸಿ ನಿಂತೇ ಉಣ್ಣುತ್ತಿದ್ದೆ. ಕೈ ಅಲ್ಲೇ ನಿಂತಿತು. ನಿನ್ನೆ ಯಾರಾದರೂ ತಕ್ಕಡಿ ಹಿಡಿದು ಬಂದಿದ್ದರೆ ನಾನು ಒಬ್ಬಟ್ಟು ತಿನ್ನುವವಳು ಎಂದು ಬರೆದುಕೊಂಡು ಹೋಗುತ್ತಿದ್ದರು.

ಗಲ್ಲಿಯವರ ಊಟವನ್ನು ನಾನು ನೋಡಿಯೇ ಇರಲಿಲ್ಲ. ಸೀರೆ ಉಟ್ಟು, ಹಣ್ಣು ಹಿಡಿದು, ಮುನ್ಸೂಚನೆ ಕೊಟ್ಟು ಹೋದವಳು ಅವರಿಗೆ ಅತಿಥಿ. ಅತಿಥಿಗೆ ಅವರು ಮಾಡಿ ಬಡಿಸಿದ್ದನ್ನು ತೂಗಿಕೊಂಡು ಬಂದಿದ್ದೆ. ನನ್ನ ಒಳ್ಳೆಯ ನಡತೆಯೇ ನನಗೆ ಮುಳುವಾಗಿತ್ತು.

ಮರುದಿನದಿಂದ ಹೇಳದೆ ಕೇಳದೆ ಹೋಗತೊಡಗಿದೆ. ತೊಳೆದೂ ತೊಳೆದೂ ಬಣ್ಣ ಹೋದ ಸಲ್ವಾರ್, ಖಾಲಿ ಕೈ. ತಕ್ಕಡಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಮೊದಲ ದಿನ ಅತ್ತೆ ನನ್ನ ಕೈ ನೋಡಿದರು, ಹಣ್ಣಿಲ್ಲ. ಸೊಸೆಯನ್ನು ಪನೀರ್ ತರಲು ಕಳಿಸಲು ಹೊರಟರು. ಬೇಡ, ಹೊಟ್ಟೆ ಸರಿಯಿಲ್ಲ ಎಂದೆ. ಚಳಿಗಾಲದ ಬಿಸಿಲಿಗೆ ಮಾಳಿಗೆಯ ಮೇಲೆ ಹೆಂಗಸರು ಬಟಾಣಿ ಬಿಡಿಸುತ್ತಿದ್ದರು, ನಾನೂ ಕೂತು ಬಿಡಿಸಿದೆ. ಮೆಂತ್ಯದ ಸೊಪ್ಪು ಸೋಸಿದೆ. ಅವರ ಸೊಸೆಯರ ದೂರು, ಅತ್ತೆಯರ ದೂರು, ಎರಡನ್ನೂ ಕೇಳಿದೆ. ನನ್ನ ಹಿಂದಿ ಕೇಳಿ ಅವರು ನಕ್ಕರು, ಅವರ ಚಹಾದ ಸಕ್ಕರೆಗೆ ನಾನು ಮೂಗು ಮುರಿದೆ. "ಸರ್ಕಾರ ನಿನಗೆ ಇದಕ್ಕೂ ಸಂಬಳ ಕೊಡುತ್ತಾ?" ಎಂದು ಅತ್ತೆ ಕೇಳಿದರು. ಮನೆಯಲ್ಲಿ ನನ್ನ ಗಂಡನೂ ಅದನ್ನೇ ಕೇಳುತ್ತಿದ್ದರು.

ಹೋಳಿ ಹತ್ತಿರವಾಯಿತು. ಗಲ್ಲಿಯವರಿಗೆ ನನ್ನನ್ನು ನೋಡಿ ನೋಡಿ ಬೇಸರ ಬಂದಿರಬೇಕು, ನಾನು ಬಂದರೆ ಯಾರೂ ಏಳುತ್ತಿರಲಿಲ್ಲ. ಇನ್ನು ತೂಗಬಹುದು ಎಂದು ಮುಖ್ಯಸ್ಥರಿಗೆ ಹೇಳಿದೆ. ಅವರು ನಂಬಲಿಲ್ಲ. "ನಾನೇ ಬಂದು ನೋಡ್ತೇನೆ" ಎಂದರು. ಇವರನ್ನು ಕರೆದುಕೊಂಡು ಹೋದರೆ ಇಷ್ಟು ದಿನದ ಬಟಾಣಿಯೆಲ್ಲ ನೀರುಪಾಲು.

ಹಾಗೆಯೇ ಆಯಿತು. ಕಾರು, ಟೈ, ಬಿಳಿ ಕೂದಲು. ಅತ್ತೆ ಸೆರಗು ತಲೆಗೆಳೆದುಕೊಂಡು ಎದ್ದರು. ಮಂಚಕ್ಕೆ ಹೊಸ ಚಾದರ ಬಿತ್ತು. ಪಕ್ಕದ ಮನೆಯಿಂದ ಪನೀರ್ ಬಂತು, ತುಪ್ಪದ ಡಬ್ಬಿ ಇಳಿಯಿತು, ರವೆ ಹುರಿಯುವ ವಾಸನೆ ಗಲ್ಲಿಗೆಲ್ಲ ಹರಡಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಸೋತ ಮುಖ ಹೊತ್ತು ಕೂತೆ. ಮುಖ್ಯಸ್ಥರು ಉಂಡರು, ಮಗ ಉಂಡ, ಅತ್ತೆ ಉಂಡರು. ಹಲ್ವಾದ ಬಾಣಲೆ ಖಾಲಿಯಾಯಿತು.

ಎಲ್ಲ ಮುಗಿದ ಮೇಲೆ ಸೊಸೆ ಒಳಗೆ ನೆಲದ ಮೇಲೆ ಕೂತು ತನ್ನ ತಟ್ಟೆ ಎಳೆದುಕೊಂಡಳು. ಹಿಂದಿನ ರಾತ್ರಿಯ ತಂಗಳು ರೊಟ್ಟಿ, ಉಪ್ಪು, ಹಸಿಮೆಣಸಿನಕಾಯಿಯ ಉಪ್ಪಿನಕಾಯಿ, ಬೇಳೆಯ ಪಾತ್ರೆ ತೊಳೆದ ಹಾಗಿದ್ದ ತಿಳಿ. ನನ್ನನ್ನು ನೋಡಿ ಒಂದು ಕ್ಷಣ ಅನುಮಾನಿಸಿ, ಅತ್ತೆಯ ಕಡೆ ತಿರುಗಿ ಕೇಳಿದಳು. "ಅಮ್ಮಾಜಿ, ದೀದಿಗೆ ಬಿಸಿ ರೊಟ್ಟಿ ಮಾಡಲಾ?"

ಅತ್ತೆ ಹೊರಗಿನಿಂದಲೇ ಹೇಳಿದರು. "ಯಾಕೆ, ಅವಳೇನು ಅತಿಥಿಯಾ? ಇದ್ದದ್ದರಲ್ಲೇ ಕೊಡು."

ಸೊಸೆ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ನನಗೆ ಕಣ್ಣು ತುಂಬಿ ಬಂತು. ಹೆಮ್ಮೆಯಿಂದ ಅಂತಲೇ ಹೇಳುತ್ತೇನೆ, ಮುಚ್ಚಿಟ್ಟುಕೊಳ್ಳುವುದೇನಿದೆ? ನನ್ನ ಡಿಗ್ರಿಯ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ತಕ್ಕಡಿ ತೆಗೆದು ಮೊದಲು ಅವಳ ಪಾಲು ತೂಗಿದೆ, ಆಮೇಲೆ ನನ್ನದು.

ತಲೆಯೆತ್ತಿದರೆ ಮುಖ್ಯಸ್ಥರು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು. ಹೊರಗೆ ಮಂಚದ ಮೇಲೆ ಉಳಿದಿದ್ದ ತಮ್ಮ ತಟ್ಟೆಯನ್ನು ನೋಡಿದರು, ಆಮೇಲೆ ಸೊಸೆಯ ತಟ್ಟೆಯನ್ನು ನೋಡಿದರು.

"ಇವತ್ತು ಅತಿಥಿ ನಾನು" ಎಂದರು ಕನ್ನಡದಲ್ಲಿ. "ಗಲ್ಲಿ ಇರ್ಲಿ ಮಾರಾಯ್ರೆ."

ಗಲ್ಲಿ ಉಳಿಯಿತು. ಮುಂದಿನ ಚಳಿಗಾಲದ ಹೊತ್ತಿಗೆ ನಮ್ಮ ಎಲ್ಲ ಬಡಾವಣೆಗಳಲ್ಲೂ ನಿಯಮ ಬದಲಾಗಿತ್ತು. ಮುನ್ಸೂಚನೆ ಇಲ್ಲ, ಹಣ್ಣು ಇಲ್ಲ, ಮನೆಯವರಿಗೆ ಬೇಸರ ಬರುವವರೆಗೆ ತಕ್ಕಡಿ ಇಲ್ಲ, ಎಲ್ಲರಿಗಿಂತ ಕೊನೆಗೆ ಉಣ್ಣುವವರ ತಟ್ಟೆಯನ್ನು ಬೇರೆಯಾಗಿಯೇ ತೂಗಬೇಕು. ಹೊಸದಾಗಿ ಸೇರಿದ ಹುಡುಗಿಯರಿಗೆ ಇದನ್ನು ಕಲಿಸುತ್ತಿದ್ದವಳು ನಾನು. ಯಾವಾಗ ತೂಗಲು ಶುರು ಮಾಡಬೇಕು ಮೇಡಂ ಎಂದು ಅವರು ಕೇಳುತ್ತಿದ್ದರು. ನಿಮಗೆ ತಂಗಳು ಕೊಟ್ಟ ದಿನ ಎನ್ನುತ್ತಿದ್ದೆ.

ಆ ಸೊಸೆಗೆ ಏನೂ ಆಗದಿರಲಿ. ಆದರೂ ಯಾರಾದರೂ ಡಾಕ್ಟರು, ಇವರು ದಿನಾ ಏನು ತಿನ್ನುತ್ತಿದ್ದರು ಎಂದು ಕೇಳಿದರೆ, ಉತ್ತರ ಹೇಳಲು ನಾನಿದ್ದೇನೆ. ಆ ರೊಟ್ಟಿಯ ಅರ್ಧ ನಾನೇ ತಿಂದಿದ್ದೇನೆ.