ಕಂಬಳಿಯೊಳಗಿನ ಮರಿ

ಗೊಬ್ಬರಕ್ಕೆಂದು ಮಸಗುಪ್ಪಿಯ ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ವರ್ಷವೂ ಒಬ್ಬ ಕಾಕಾ ಬರುತ್ತಿದ್ದರು. ಬೇರೆ ಕುರಿಗಾರರು ಎಳೆಮರಿಗಳನ್ನು ಕಂಬಳಿಯಲ್ಲಿ ಹೊತ್ತು ನಡೆದರೆ, ಇವರು ಮುಟ್ಟುತ್ತಲೇ ಇರಲಿಲ್ಲ. ಹೊಳೆ ಏರಿದ ವರ್ಷ ಇವರ ಕೈಯಿಂದಲೇ ಒಂದು ಮರಿ ಜಾರಿ ನೀರುಪಾಲಾಗಿತ್ತಂತೆ. ಕೇಳಿದರೆ, “ಭಾಳ ಹಚ್ಚಕೋಬಾರ್ದ್ರಿ” ಎಂದು ದೂರದ ಮಂಜನ್ನು ನೋಡುತ್ತಿದ್ದರು.

ಒಂದು ಮುಂಜಾನೆ ನಾನು ಪಂಪು ಚಾಲೂ ಮಾಡಿದೆ. ನೀರು ಭೋರೆಂದು ಕಾಲುವೆಗೆ ಬಿದ್ದ ಸದ್ದಿಗೆ ಕಾಕಾ ಹಿಂದಿನ ದಿನ ಹುಟ್ಟಿದ ಮರಿಯನ್ನು ಕಂಬಳಿಯೊಳಗೆ ಬಾಚಿಕೊಂಡು ದಿಬ್ಬಕ್ಕೆ ಓಡಿದರು. ಮಂಜಿನಲ್ಲಿ ಕಂಬಳಿಯೊಂದೇ ನಿಂತು ನಡುಗುತ್ತಿರುವಂತೆ ಕಂಡಿತು.

“ನೀರ ಬಂದ್ ಮಾಡೀನ್ರಿ ಕಾಕಾ,” ಎನ್ನುತ್ತ ಹತ್ತಿರ ಹೋದೆ. ಅವರಿಗೆ ಕೇಳಿಸಲಿಲ್ಲ. ಮರಿಯ ಕಿವಿಗೆ ಬಾಯಿಟ್ಟು ಮೆಲ್ಲಗೆ ಹೇಳುತ್ತಿದ್ದರು:

“ನನ್ನ ಭಾಳ ಹಚ್ಚಕೋಬ್ಯಾಡೋ, ತಮ್ಮಾ.”