ಕೇಳಿದವರಿಗೆಲ್ಲ ಅನುಮತಿ

ನನಗೆ ‘ಇಲ್ಲ’ ಅನ್ನಲು ಬರುವುದಿಲ್ಲ. ಇದು ನನ್ನ ದೊಡ್ಡ ಗುಣವೆಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದೆ. ಅಲ್ಲವೆಂದು ತೋರಿಸಿಕೊಟ್ಟದ್ದು ಒಂದು ಟ್ಯಾಬ್. ನಿವೃತ್ತಿಯ ದಿನ ಶಾಲು, ಹಾರಗಳ ಜೊತೆಗೆ ಸಹೋದ್ಯೋಗಿಗಳು ಅದನ್ನು ಕೈಗಿಟ್ಟರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಆ ಹಲಗೆಯ ಮುಂದೆ ಬಾಯಿಬಿಟ್ಟುಕೊಂಡು ಕೂತೆ. ದಾವಣಗೆರೆಯ ಪೇಟೆಯನ್ನೆಲ್ಲ ಮಡಚಿ ಒಳಗಿಟ್ಟಂತೆ ಎಷ್ಟೊಂದು ಆ್ಯಪ್!

ಅಲ್ಲಿ ನಾನು ಮಾಡಿದ ತಪ್ಪಿಗೆ ನಮ್ಮ ಆನೆಕೊಂಡದ ಮನೆಯ ರೂಢಿಯೇ ಕಾರಣ. ಬಾಗಿಲಿಗೆ ಬಂದವರನ್ನು "ಬರ್ರಿ, ಕೂಡ್ರಿ" ಅನ್ನದೆ ಅವ್ವ ಕಳಿಸಿದ್ದಿಲ್ಲ. ಉಕ್ಕಡಗಾತ್ರಿಯ ಜಾತ್ರೆಗೆ ಹೊರಟ ಅಪರಿಚಿತರೂ ನಮ್ಮ ಪಡಸಾಲೆಯಲ್ಲಿ ಬೆಲ್ಲ ತಿಂದು ನೀರು ಕುಡಿದವರೇ. ಅಂಥವಳ ಮಗನನ್ನು ಆ್ಯಪ್‌ಗಳು "ನಿಮ್ಮ ಸಂಪರ್ಕಗಳನ್ನು ನೋಡಲೇ? ಫೋಟೋಗಳನ್ನು? ನೀವಿರುವ ಜಾಗವನ್ನು?" ಎಂದು ಅಷ್ಟು ವಿನಯದಿಂದ ಕೇಳಿದರೆ ಬೇಡ ಅನ್ನುವುದು ಹೇಗೆ? ಎಲ್ಲಕ್ಕೂ ‘ಅನುಮತಿಸಿ’ ಒತ್ತಿದೆ. ಒತ್ತುವಾಗ ಮನಸ್ಸಿನಲ್ಲೇ ‘ಕೂಡ್ರಿ’ ಅಂದದ್ದೂ ಉಂಟು.

ಅವ್ವನ ಕೊನೆಯ ಬೇಸಿಗೆಯಲ್ಲಿ ಅವಳ ಬೀಸುಕಲ್ಲಿನ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೊರಟೆ. ನೆಂಟರ ಗುಂಪಿನಲ್ಲಿ ಯಾರೋ ಒಂದು ಆ್ಯಪಿನ ಲಿಂಕ್ ಕಳಿಸಿದ್ದರು. ಅದನ್ನು ಒತ್ತಿದಾಗ, ಇದು ಗೊತ್ತಿಲ್ಲದ ಕಡೆಯಿಂದ ಬಂದದ್ದು, ಹಾನಿಯಾದೀತು ಎಂದು ಟ್ಯಾಬ್ ಎಚ್ಚರಿಸಿತು. ನೆಂಟರನ್ನೇ ಅನುಮಾನಿಸುತ್ತದಲ್ಲ ಎಂದು ನನಗೆ ಟ್ಯಾಬಿನ ಮೇಲೇ ಸಿಟ್ಟು ಬಂತು. ಹನ್ನೊಂದು ಹಾಡುಗಳು ಆ ಆ್ಯಪಿನೊಳಗೆ ಸೇರಿದವು.

ಅವ್ವ ಹೋದಳು. ಈಚೆಗೆ ಅದನ್ನು ತೆರೆದರೆ ಹಾಡಿಗೆ ಮೊದಲು ಜಾಹೀರಾತು, ನಡುವೆ ಜಾಹೀರಾತು. ಮುಚ್ಚಿದರೂ ಪರದೆಯ ತುಂಬ ಜಾಹೀರಾತು. ನನ್ನ ಹೆಸರಿನಲ್ಲಿ ಬೀಗರಿಗೂ ಏನೇನೋ ಸಂದೇಶ ಹೋಗತೊಡಗಿತು. ಆ್ಯಪನ್ನು ಕಿತ್ತುಹಾಕಿದರೆ ಒಳಗಿನ ಹಾಡುಗಳೂ ಅಳಿಸಿಹೋದಾವು. ಅವ್ವನ ದನಿ ಬೇರೆಲ್ಲೂ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ಟ್ಯಾಬನ್ನು ಟವೆಲಿನಲ್ಲಿ ಸುತ್ತಿಕೊಂಡು ಹರಿಹರಕ್ಕೆ, ಗೌರಕ್ಕನ ಮನೆಗೆ ಹೋದೆ. ನನ್ನ ಈ ಅಕ್ಕ ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಕಿರಾಣಿ ಅಂಗಡಿ ನಡೆಸುತ್ತಾಳೆ, ಲೆಕ್ಕವೆಲ್ಲ ಮೊಬೈಲಿನಲ್ಲೇ. ಒಣಮೆಣಸಿನಕಾಯಿ ಚೀಲ ಬಂದರೆ ಮೇಲಿನದನ್ನು ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ತೆಗೆದು ಮೂಸುತ್ತಾಳೆ. ಕನ್ನಡಕ ಏರಿಸಿ, ಆ್ಯಪಿಗೆ ನಾನು ಕೊಟ್ಟ ಅನುಮತಿಗಳ ಪಟ್ಟಿ ನೋಡಿದಳು.

"ಲೇ ತಮ್ಮಾ, ಹಾಡು ಹಿಡಿಯಾಕೆ ಮೈಕು ಬೇಕು, ಸೈ. ನಮ್ಮ ಬೀಗರ ನಂಬರ್ ಯಾಕ ಬೇಕು ಇದಕ್ಕೆ?"

"ಕೇಳ್ತು ಅಕ್ಕ, ಕೊಟ್ಟೆ."

"ಕೇಳಿದ್ರೆ ಬೀರುವಿನ ಕೀಲಿನೂ ಕೊಡ್ತಿಯೇನು?"

ಮೊದಲು ಇಂಟರ್ನೆಟ್ ನಿಲ್ಲಿಸಿದಳು, ಜಾಹೀರಾತುಗಳು ತೆಪ್ಪಗಾದವು. ಹನ್ನೊಂದೂ ಹಾಡುಗಳನ್ನು ಒಂದೊಂದಾಗಿ ಹೊರಗೆ ತಂದು ಮೆಮೊರಿ ಕಾರ್ಡಿಗೆ ಸೇರಿಸಿದಳು. ಆಮೇಲೆ ಆ್ಯಪನ್ನು ಕಿತ್ತಳು. ಹೊರಗಿನ ಲಿಂಕಿನಿಂದ ಯಾವುದೂ ಒಳಗೆ ಬಾರದಂತೆ ಸೆಟ್ಟಿಂಗ್ಸ್‌ನಲ್ಲಿ ಅಗುಳಿ ಹಾಕಿದಳು. ಮತ್ತೆ ಇಂಟರ್ನೆಟ್ ಹಾಕಿ ಟ್ಯಾಬಿನದೇ ಆ್ಯಪ್ ಅಂಗಡಿಯಲ್ಲಿ ಬೇರೊಂದನ್ನು ಹುಡುಕುವಾಗ ಐದು ನಕ್ಷತ್ರದ ಹೊಗಳಿಕೆಗಳತ್ತ ಕಣ್ಣೂ ಹಾಯಿಸದೆ, ಒಂದೇ ನಕ್ಷತ್ರ ಕೊಟ್ಟು ಬೈದವರ ಮಾತು ಓದತೊಡಗಿದಳು.

"ಹೊಗಳಿಕೆ ಅಂದ್ರೆ ಚೀಲದ ಬಾಯಿ ಕಣಪ್ಪ. ನಾವು ತಳ ನೋಡ್ಬೇಕು."

ನಾನು ಬೆರಗಾಗಿ ನೋಡುತ್ತಿದ್ದೆ. ಪರೀಕ್ಷಿಸದೆ ಏನನ್ನೂ ನಂಬಬೇಡಿ ಎಂದು ಸಾವಿರಾರು ಮಕ್ಕಳಿಗೆ ಕಲಿಸಿದವನು ನಾನು, ಪರೀಕ್ಷಿಸುತ್ತಿದ್ದವಳು ಅಕ್ಕ.

ಹಾಡುಗಳು ಸರಿಯಾಗಿವೆಯೇ ಎಂದು ಕೇಳುತ್ತ ಹೋದೆವು. ಅವ್ವ ಬಂದು ಪಕ್ಕದಲ್ಲಿ ಕೂತಂತಾಯಿತು. ನನ್ನ ಕಣ್ಣು ತುಂಬಿ ಬಂತು. ಏಳನೆಯ ಹಾಡಿನ ನಡುವೆ ಯಾರೋ ಬಾಗಿಲ ಚಿಲಕ ಬಡಿದ ಸದ್ದು ಬರುತ್ತದೆ. ಹಾಡು ಕೆಟ್ಟಿತೆಂದು ಅಲ್ಲಿಂದ ಮುಂದೆ ನಾನು ಎಂದೂ ಕೇಳಿರಲಿಲ್ಲ. ಅಂದು ಕೇಳಿದೆ. ಬೀಸುಕಲ್ಲು ನಿಂತಿತು. ಅವ್ವನ ದನಿ ಬಾಗಿಲ ಕಡೆ ತಿರುಗಿತು: "ಯಾರ್ರೀ ಅದು? ಯಾವೂರು? ಏನಾಗ್ಬೇಕಿತ್ತು?" ಹೊರಗಿನಿಂದ ಹೆಂಗಸೊಬ್ಬಳ ಉತ್ತರ. ಅಗುಳಿ ಸರಿದ ಸದ್ದು. ಆಮೇಲೆ, "ಬರ್ರಿ, ಕೂಡ್ರಿ."

ಅಕ್ಕ ನನ್ನ ಮುಖ ನೋಡಿದಳು. ಅರವತ್ತು ವರ್ಷ ಅದೇ ಮನೆಯಲ್ಲಿದ್ದೂ ಅವ್ವ ಕೊನೆಗೆ ಅನ್ನುತ್ತಿದ್ದ ಆ ಎರಡು ಮಾತನ್ನಷ್ಟೇ ನಾನು ಕೇಳಿಸಿಕೊಂಡಿದ್ದೆ.